ಯಾವ ಬಡಾವಣೆಯಲ್ಲಿ ಮನೆ? ಮೆಲ್ಬರ್ನಿನಲ್ಲಿ ನಾವು ಬೆಲೆಗಳನ್ನು ತೂಗಿ ನೋಡಿದ ಬಗೆ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಡಲಾಚೆ ಬಂದು ನೆಲೆಸಿದ ನಮ್ಮಂಥವರಿಗೆ ಕಟ್ಟುವ ಮಾತು ಆಮೇಲಿನದು. ಈ ವಿಶಾಲವಾದ ಮೆಲ್ಬರ್ನಿನಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು ಎಂಬುದೇ ಮೊದಲ ಪ್ರಶ್ನೆ. ಯುಗಾದಿಯ ಊಟವಾಗಲಿ, ರಾಜ್ಯೋತ್ಸವದ ಸಭೆಯಾಗಲಿ, ಎಲೆ ಮುಂದೆ ಕುಳಿತ ಹತ್ತು ನಿಮಿಷಕ್ಕೆ ಮಾತು ‘ಯಾವ ಕಡೆ ತಗೊಂಡ್ರಿ? ಎಷ್ಟಾಯ್ತು?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸಂಘದ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ರಕ್ತದೊತ್ತಡ ನೋಡಿಸಿಕೊಳ್ಳಲು ತೋಳು ಚಾಚಿದ ಯುವಮಿತ್ರರು ಕೂಡ ನನ್ನನ್ನು ಇದನ್ನೇ ಕೇಳಿದ್ದುಂಟು. ನಾನು ವೈದ್ಯನೇ ಹೊರತು ಆಸ್ತಿಯ ಸಲಹೆಗಾರನಲ್ಲ. ಆದರೂ ನನ್ನ ಮಡದಿ ಮತ್ತು ನಾನು ಹದಿನಾಲ್ಕು ತಿಂಗಳ ಕಾಲ ಮೂರು ಬಡಾವಣೆಗಳನ್ನು ಹೋಲಿಸಿ ನೋಡಿದ ಅನುಭವ ಕೆಲವರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಕೊಟ್ಟಿರುವ ಬೆಲೆಗಳು ನಾವು ನೋಡಿದ ಮನೆಗಳವು. ಇಡೀ ಬಡಾವಣೆಯ ಅಂಕಿ ಅಂಶಗಳೆಂದು ಭಾವಿಸಬಾರದೆಂದು ಮೊದಲೇ ಕೋರುತ್ತೇನೆ.

ನಮ್ಮ ಸ್ಥಿತಿ

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದ ನನ್ನಂಥ ವೈದ್ಯರಿಗೆ ವಾಸಸ್ಥಳದ ಆಯ್ಕೆ ಸಂಪೂರ್ಣವಾಗಿ ತಮ್ಮ ಕೈಯಲ್ಲಿರುವುದಿಲ್ಲ. 1973ರ ಆರೋಗ್ಯ ವಿಮಾ ಕಾಯಿದೆಯ 19ಎಬಿ ವಿಧಿಯ ಪ್ರಕಾರ, ಹೊರದೇಶದಲ್ಲಿ ಕಲಿತ ವೈದ್ಯರು ಸಾಮಾನ್ಯವಾಗಿ 10 ವರ್ಷಗಳ ಕಾಲ ಸರ್ಕಾರವು ವೈದ್ಯರ ಕೊರತೆಯಿದೆಯೆಂದು ಗುರುತಿಸಿದ ಪ್ರದೇಶದಲ್ಲಿಯೇ ಕೆಲಸ ಮಾಡಬೇಕು. ಇಲ್ಲವಾದರೆ ಅವರು ನೋಡಿದ ರೋಗಿಗಳಿಗೆ ಮೆಡಿಕೇರ್ ಹಣ ದೊರೆಯದು. ಈ ನಿಯಮದ ದೆಸೆಯಿಂದ ನಾನು ನಗರದ ಪಶ್ಚಿಮ ಅಂಚಿನ ವೆರಿಬಿ ಕಡೆಯ ಚಿಕಿತ್ಸಾಲಯವೊಂದಕ್ಕೆ ಸೇರಿದೆ. ಹಾಪರ್ಸ್ ಕ್ರಾಸಿಂಗಿನಲ್ಲಿ ಬಾಡಿಗೆಯ ಮನೆ ಹಿಡಿದೆವು. ನನ್ನ ಮಡದಿ ಔಷಧ ತಜ್ಞೆ. ಅವಳಿಗೆ ಕೆಲಸ ದೊರೆತದ್ದು ಆಗ್ನೇಯ ದಿಕ್ಕಿನ ಕ್ಲೇಟನ್ನಿನ ಆಸ್ಪತ್ರೆಯಲ್ಲಿ. ನಡುವೆ ವೆಸ್ಟ್ ಗೇಟ್ ಸೇತುವೆ, ಇಡೀ ನಗರ, ಸುಮಾರು 45 ಕಿಲೋಮೀಟರ್ ದಾರಿ. ಎಷ್ಟೋ ಸಂಜೆ ಮಕ್ಕಳು ನಿದ್ದೆಗೆ ಜಾರಿದ ಮೇಲೆಯೇ ಅವಳು ಮನೆ ಸೇರುತ್ತಿದ್ದಳು.

ನನ್ನ 10 ವರ್ಷಗಳ ಕಟ್ಟುಪಾಡು ಮುಗಿದ ವರ್ಷದಲ್ಲಿಯೇ ಮೈಸೂರಿನಲ್ಲಿ ನನ್ನ ತಂದೆಯವರು ತೀರಿಕೊಂಡರು. ಕುವೆಂಪುನಗರದ ಮನೆಯಲ್ಲಿ ಅಮ್ಮ ಒಬ್ಬರೇ ಉಳಿದರು. ಪೋಷಕರ ವೀಸಾದ ಸರತಿ ವರ್ಷಗಟ್ಟಲೆ ಉದ್ದವಿರುವುದು ತಮಗೆಲ್ಲ ತಿಳಿದದ್ದೇ. ಪ್ರವಾಸಿ ವೀಸಾದಲ್ಲಿ ಬಂದು, ಕೆಲವು ತಿಂಗಳಿದ್ದು, ಮತ್ತೆ ಹಿಂದಿರುಗಿ, ಹೀಗೆಯೇ ಅವರು ನಮ್ಮೊಡನೆ ಇರಬೇಕಾಗಿತ್ತು. ಆದುದರಿಂದ ನಾವು ಹುಡುಕುತ್ತಿದ್ದ ಮನೆ ನಾಲ್ವರದ್ದಲ್ಲ, ಐವರದ್ದು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಏಳು, ಅಮ್ಮನಿಗೆ ಎಪ್ಪತ್ತೆರಡು.

ಮೂರು ಆಯ್ಕೆಗಳು ನಮ್ಮ ಮುಂದಿದ್ದವು. ಪಶ್ಚಿಮದಲ್ಲಿಯೇ ಉಳಿದು ಟಾರ್ನೀಟಿನಲ್ಲಿ ಹೊಸ ಮನೆ. ಸುಮಾರು 7 ಲಕ್ಷ ಡಾಲರ್. ಪೂರ್ವದ ಗ್ಲೆನ್ ವೇವರ್ಲಿಯಲ್ಲಿ ಹಳೆಯ ಮನೆ. 16 ಲಕ್ಷ ಡಾಲರಿಗೆ ಕಡಿಮೆಯದು ನಮಗೆ ಒಪ್ಪುವಂತಿರಲಿಲ್ಲ. ಮೂರನೆಯದು, ಆಗ್ನೇಯದ ನೋಬಲ್ ಪಾರ್ಕಿನಲ್ಲಿ 1960ರ ದಶಕದ ಇಟ್ಟಿಗೆಯ ಮನೆ. ಎಂಟೂವರೆಯಿಂದ ಒಂಬತ್ತು ಲಕ್ಷದ ಒಳಗೆ. ವಿಚಿತ್ರವೆಂದರೆ ನಗರದ ಹೃದಯದಿಂದ ಟಾರ್ನೀಟ್ ಮತ್ತು ನೋಬಲ್ ಪಾರ್ಕ್ ಎರಡೂ ಹೆಚ್ಚುಕಡಿಮೆ 25 ಕಿಲೋಮೀಟರ್ ದೂರದಲ್ಲಿಯೇ ಇವೆ, ಒಂದು ಪಡುವಣಕ್ಕೆ, ಇನ್ನೊಂದು ಮೂಡಣ ತೆಂಕಣಕ್ಕೆ.

ಮಧ್ಯಾಂಕವು ಹೇಳುವುದು, ಹೇಳದಿರುವುದು

ಬಡಾವಣೆಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ಹಿಡಿಯುವುದು ‘ಮೀಡಿಯನ್’ ಎಂಬ ಸಂಖ್ಯೆಯನ್ನು. ನಮ್ಮ ಶಾಲೆಯ ಗಣಿತದಲ್ಲಿ ಇದನ್ನು ಮಧ್ಯಾಂಕವೆಂದು ಕಲಿತಿದ್ದೇವೆ. ಮಾರಾಟವಾದ ಮನೆಗಳನ್ನು ಬೆಲೆಯ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ಬೆಲೆ ಅದು. ಒಂದು ಉದಾಹರಣೆ ನೋಡೋಣ. ಒಂದು ತ್ರೈಮಾಸಿಕದಲ್ಲಿ ಏಳು ಮನೆಗಳು ಮಾರಾಟವಾದವು ಎನ್ನಿ: 5.2, 5.8, 6.1, 6.4, 6.9, 8.5 ಮತ್ತು 15 ಲಕ್ಷ. ಸರಾಸರಿ 7.7 ಲಕ್ಷವಾಗುತ್ತದೆ, ಒಂದೇ ಒಂದು ಬಂಗಲೆ ಅದನ್ನು ಮೇಲಕ್ಕೆ ಎಳೆದಿದೆ. ಮಧ್ಯಾಂಕ 6.4 ಲಕ್ಷ. ಆದುದರಿಂದಲೇ ಸರಾಸರಿಗಿಂತ ಮಧ್ಯಾಂಕವನ್ನು ನಂಬುವುದು ವಾಡಿಕೆ.

ಆದರೆ ಮುಂದಿನ ತ್ರೈಮಾಸಿಕದಲ್ಲಿ 5.2 ಮತ್ತು 5.8 ಲಕ್ಷದ ಚಿಕ್ಕ ಮನೆಗಳಂಥವು ಮಾರಾಟಕ್ಕೆ ಬರಲೇ ಇಲ್ಲ, ಅವುಗಳ ಬದಲು 7.5 ಮತ್ತು 8 ಲಕ್ಷದ ಎರಡು ದೊಡ್ಡ ಮನೆಗಳು ಮಾರಾಟವಾದವು ಎಂದುಕೊಳ್ಳಿ. ಮಧ್ಯಾಂಕ 6.4ರಿಂದ 7.5 ಲಕ್ಷಕ್ಕೆ ಏರಿತು, ಅಂದರೆ ಶೇಕಡ 17ರಷ್ಟು! ಯಾವ ಒಂದು ಮನೆಯ ಬೆಲೆಯೂ ಒಂದು ಡಾಲರ್ ಕೂಡ ಹೆಚ್ಚಿಲ್ಲ; ಮಾರಾಟಕ್ಕೆ ಬಂದ ಮನೆಗಳ ಬಗೆ ಮಾತ್ರ ಬದಲಾಗಿದೆ. ಹೊಸ ಬಡಾವಣೆಗಳಲ್ಲಿ ಇಂಥ ಏರಿಳಿತ ಸಾಮಾನ್ಯ. ವಾರ್ಡಿನಲ್ಲಿರುವ ಎಲ್ಲ ರೋಗಿಗಳ ಜ್ವರವನ್ನು ಒಟ್ಟುಗೂಡಿಸಿ ನೋಡಿ ಒಬ್ಬ ರೋಗಿಗೆ ಔಷಧ ಬರೆಯಲಾಗದು; ಹಾಗೆಯೇ ಇಡೀ ಬಡಾವಣೆಯ ಮಧ್ಯಾಂಕದಿಂದ ಒಂದು ಮನೆಯ ಬೆಲೆಯನ್ನು ನಿರ್ಧರಿಸಲಾಗದು.

ನಾವು ಅನುಸರಿಸಿದ ಕ್ರಮ ಹೀಗಿತ್ತು. ಒಂದು ತ್ರೈಮಾಸಿಕದ ಸಂಖ್ಯೆಯನ್ನು ಬಿಟ್ಟು, ವಿಕ್ಟೋರಿಯದ ವ್ಯಾಲ್ಯೂಅರ್ ಜನರಲ್ ಪ್ರತಿವರ್ಷ ಪ್ರಕಟಿಸುವ ಕೈಪಿಡಿಯಲ್ಲಿ ಹತ್ತು ವರ್ಷಗಳ ಸಾಲನ್ನು ನೋಡಿದೆವು. ಮನೆಗಳನ್ನೂ ಯೂನಿಟ್‌ಗಳನ್ನೂ ಬೇರೆ ಬೇರೆಯಾಗಿಯೇ ಇಟ್ಟೆವು. ಸಾಧ್ಯವಾದೆಡೆ ಒಂದೇ ಮನೆ ಎರಡು ಬಾರಿ ಮಾರಾಟವಾದ ಬೆಲೆಗಳನ್ನು ಹುಡುಕಿದೆವು; ಅದೇ ಗೋಡೆ, ಅದೇ ನೆಲ, ಆರು ವರ್ಷದ ಅಂತರ, ಆಗ ಏರಿದ್ದೆಷ್ಟು ಎಂಬುದಕ್ಕಿಂತ ನೇರವಾದ ಸಾಕ್ಷಿ ಮತ್ತೊಂದಿಲ್ಲ.

ನಮ್ಮ ರಾಜ್ಯದಲ್ಲಿ ಕೊಳ್ಳುವವರಿಗೆ ಇನ್ನೊಂದು ಒಳ್ಳೆಯ ಕಾಗದವಿದೆ. 2017ರ ಮೇ 1ರಿಂದ, ಮಾರಾಟಕ್ಕಿಟ್ಟ ಪ್ರತಿ ವಾಸದ ಮನೆಗೂ ಏಜೆಂಟರು ‘ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಶನ್’ ಕೊಡಬೇಕು. ಅಂದಾಜು ಬೆಲೆ, ಬಡಾವಣೆಯ ಮಧ್ಯಾಂಕ ಹಾಗೂ ಹೋಲಿಕೆಗೆ ಮೂರು ಮನೆಗಳು ಅದರಲ್ಲಿರುತ್ತವೆ. ನಗರ ಪ್ರದೇಶದಲ್ಲಾದರೆ ಆ ಮೂರು ಎರಡು ಕಿಲೋಮೀಟರ್ ಒಳಗಿನವು, ಕಳೆದ ಆರು ತಿಂಗಳಲ್ಲಿ ಮಾರಾಟವಾದವು. ಅಂದಾಜನ್ನು ಶ್ರೇಣಿಯಾಗಿ ಹೇಳಿದರೆ ಅದರ ಅಂತರ ಶೇಕಡ 10ನ್ನು ಮೀರುವಂತಿಲ್ಲ. ನಾವು ನೋಡಿದ ಮನೆಗಳ ಇಂಥ ಕಾಗದಗಳನ್ನೆಲ್ಲ ಒಂದು ಕಡತದಲ್ಲಿ ಸೇರಿಸಿ, ಕೊನೆಗೆ ಮನೆ ಎಷ್ಟಕ್ಕೆ ಹೋಯಿತೆಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದೆ. ಏಜೆಂಟರೊಬ್ಬರು 7.8ರಿಂದ 8.5 ಲಕ್ಷವೆಂದು ಹೇಳಿದ ಮನೆ ಹರಾಜಿನಲ್ಲಿ 9.6 ಲಕ್ಷಕ್ಕೆ ಹೋಯಿತು. ಎರಡು ಶನಿವಾರಗಳನ್ನು ಅದಕ್ಕೆ ಸವೆಸಿದ್ದೆವು. ಮೂವತ್ತು ಮನೆಗಳ ಕಡತವಾದ ಮೇಲೆ ಮಾತ್ರ, ಅಂದಾಜನ್ನು ಓದಿದ ಕೂಡಲೇ ನಿಜವಾದ ಬೆಲೆ ಎಲ್ಲಿಗೆ ಹೋಗಿ ನಿಲ್ಲಬಹುದೆಂದು ಊಹಿಸುವ ಶಕ್ತಿ ಬಂತು.

ನೆಲವೆಷ್ಟು, ಗೋಡೆಯೆಷ್ಟು?

ಚದರ ಮೀಟರಿನ ಲೆಕ್ಕ ನನ್ನ ಅಮ್ಮನಿಗೆ ಅರ್ಥವಾಗುತ್ತಿರಲಿಲ್ಲ. ‘ಗುಂಟೆಯಲ್ಲಿ ಹೇಳೋ’ ಎನ್ನುತ್ತಿದ್ದರು. ಒಂದು ಗುಂಟೆಯೆಂದರೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಟಾರ್ನೀಟಿನಲ್ಲಿ ನಾವು ನೋಡಿದ ಹೊಸ ಮನೆಗಳ ನಿವೇಶನ 350ರಿಂದ 400 ಚದರ ಮೀಟರ್, ಹೆಚ್ಚೆಂದರೆ ನಾಲ್ಕು ಗುಂಟೆ. ನೋಬಲ್ ಪಾರ್ಕಿನ ಹಳೆಯ ಮನೆಗಳದು 600ರ ಆಸುಪಾಸು, ಆರು ಗುಂಟೆ. ತಂದೆಯವರು 1986ರಲ್ಲಿ ಮನೆ ಕಟ್ಟಿಸಿದ ಕುವೆಂಪುನಗರದ ಮೂವತ್ತು ನಲವತ್ತರ ಸೈಟು ಒಂದು ಗುಂಟೆಗಿಂತ ತುಸು ಹೆಚ್ಚು, ಅಷ್ಟೆ. ‘ಹಾಗಾದ್ರೆ ಎರಡೂ ಜಮೀನೇ ಬಿಡು’ ಎಂದು ಅಮ್ಮ ನಕ್ಕುಬಿಟ್ಟರು.

ಈ ವ್ಯತ್ಯಾಸ ಏಕೆ ಮುಖ್ಯ? ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಬಾಡಿಗೆಗೆ ಕೊಟ್ಟ ಮನೆಯ ನಿರ್ಮಾಣ ವೆಚ್ಚವನ್ನು ಇಲ್ಲಿಯ ತೆರಿಗೆ ಇಲಾಖೆಯೇ ವರ್ಷಕ್ಕೆ ಶೇಕಡ 2.5ರಂತೆ 40 ವರ್ಷಗಳಲ್ಲಿ ಕಳೆಯುತ್ತದೆ. ದೀರ್ಘಕಾಲದಲ್ಲಿ ಬೆಲೆ ಏರುವುದು ಬಹುಪಾಲು ನೆಲದ್ದು, ಅದರಲ್ಲಿಯೂ ಸುತ್ತಮುತ್ತ ಹೊಸ ನೆಲ ಸಿಗದ ಕಡೆಯದು. ಟಾರ್ನೀಟಿನ ಹೊಳೆಯುವ ಅಡುಗೆಮನೆ ಮನಸ್ಸನ್ನು ಸೆಳೆಯುತ್ತದೆ, ನಿಜ. ಆದರೆ ನಾವು ಕೊಡುವ ಹಣದ ದೊಡ್ಡ ಪಾಲು ಆ ಹೊಸ ಗೋಡೆಗೆ ಹೋಗುತ್ತದೆ. ಮುಂದಿನ ಬೀದಿಯಾಚೆ ಇನ್ನೊಂದು ಹೊಸ ಬಡಾವಣೆ ತೆರೆಯುತ್ತಲೇ ಇರುವುದರಿಂದ ನಾಳೆ ಮಾರುವಾಗ ನಮ್ಮ ಎಂಟು ವರ್ಷದ ಮನೆ ಅಲ್ಲಿಯ ಹೊಚ್ಚ ಹೊಸ ಮನೆಯೊಡನೆ ಸ್ಪರ್ಧಿಸಬೇಕು. ಹಳೆಯ ಮನೆಯಲ್ಲಿ ಇದಕ್ಕೆ ವಿರುದ್ಧ: ಗೋಡೆಗೆ ಬೆಲೆ ಅಲ್ಪ, ನೆಲಕ್ಕೆ ಅಧಿಕ, ಆದರೆ ದುರಸ್ತಿಯ ಖರ್ಚು ನಮ್ಮ ತಲೆಗೆ.

ನೆಲದ ಗುಣವನ್ನೂ ನೋಡಬೇಕು. ಮೆಲ್ಬರ್ನಿನ ಪಶ್ಚಿಮ ಭಾಗ ಹಳೆಯ ಜ್ವಾಲಾಮುಖಿಗಳ ಲಾವಾ ಹರಿದು ಉಂಟಾದ ಬಯಲು. ಮೇಲಿನ ಜೇಡಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಹೊಲ ಬಿರಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಅಲ್ಲಿ ಕಟ್ಟುವಾಗ ಮಣ್ಣಿನ ವರ್ಗೀಕರಣಕ್ಕೆ ತಕ್ಕ ತಳಪಾಯ ಹಾಕಿದ್ದಾರೆಯೇ ಎಂದು ಕಾಗದದಲ್ಲಿ ನೋಡಿಕೊಳ್ಳುವುದು ಅವಶ್ಯ. ಹಳೆಯ ಮನೆಗಳಲ್ಲಿ ಬೇರೆ ಭಯ: 1990ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಆಸ್ಬೆಸ್ಟಾಸ್ ಹಲಗೆಗಳಿರುವ ಸಾಧ್ಯತೆಯಿದೆ. ಕದಲಿಸದೆ, ಒಡೆಯದೆ, ಸುಸ್ಥಿತಿಯಲ್ಲಿ ಬಿಟ್ಟರೆ ಅಪಾಯ ಕಡಿಮೆ. ಕೊರೆದರೆ, ಕತ್ತರಿಸಿದರೆ ಅದರ ಎಳೆಗಳು ಶ್ವಾಸಕೋಶ ಸೇರುತ್ತವೆ, ರೋಗ ಕಾಣಿಸಿಕೊಳ್ಳುವುದು ದಶಕಗಳ ನಂತರ. ವೈದ್ಯನಾಗಿ ಒಂದು ಮಾತು: ಹಳೆಯ ಮನೆ ಕೊಂಡವರು ವಾರಾಂತ್ಯದ ಹುಮ್ಮಸ್ಸಿನಲ್ಲಿ ತಾವೇ ಸ್ನಾನದ ಕೋಣೆಯ ಗೋಡೆ ಒಡೆಯಲು ಹೋಗಬೇಡಿ.

ತಿಂಗಳ ಲೆಕ್ಕ

ಮನೆಯ ಬೆಲೆಗಿಂತ ಆ ಮನೆಯಲ್ಲಿ ಬದುಕುವ ಬೆಲೆಯನ್ನು ಹೋಲಿಸಬೇಕೆಂಬುದು ನನ್ನ ಮಡದಿಯ ವಾದ. ಒಂದು ರಾತ್ರಿ ಊಟದ ಮೇಜಿನ ಮೇಲೆ ಅವಳೇ ಹಾಕಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಶೇಕಡ 20 ಮುಂಗಡ ಕೊಟ್ಟು, ಉಳಿದದ್ದನ್ನು ಶೇಕಡ 6ರ ಬಡ್ಡಿಗೆ 30 ವರ್ಷಕ್ಕೆ ಸಾಲ ತೆಗೆದರೆ, 7 ಲಕ್ಷದ ಮನೆಗೆ ತಿಂಗಳ ಕಂತು ಸುಮಾರು 3,360 ಡಾಲರ್. 8.7 ಲಕ್ಷದ ಮನೆಗೆ 4,170. 16 ಲಕ್ಷದ ಮನೆಗೆ 7,670. ಮುದ್ರಾಂಕ ಶುಲ್ಕ ಇದಕ್ಕೆ ಹೊರತು. ವಿಕ್ಟೋರಿಯದಲ್ಲಿ ಮೊದಲ ಮನೆ ಕೊಳ್ಳುವವರಿಗೆ 6 ಲಕ್ಷದವರೆಗೆ ಶುಲ್ಕವಿಲ್ಲ, 7.5 ಲಕ್ಷದವರೆಗೆ ರಿಯಾಯಿತಿ. ಅದರಂತೆ 7 ಲಕ್ಷದ ಮನೆಗೆ ಸುಮಾರು 24,700 ಡಾಲರ್. 8.7 ಲಕ್ಷಕ್ಕೆ ರಿಯಾಯಿತಿಯಿಲ್ಲ, 47,270. 16 ಲಕ್ಷಕ್ಕೆ ಶೇಕಡ 5.5ರಂತೆ 88,000.

ಇಷ್ಟನ್ನೇ ನೋಡಿದರೆ ಟಾರ್ನೀಟ್ ಗೆದ್ದಂತೆ. ಆದರೆ ಅಲ್ಲಿ ನೆಲೆಸಿದರೆ ಅವಳ ದಿನದ 90 ಕಿಲೋಮೀಟರ್ ಪ್ರಯಾಣ ತಪ್ಪದು. ವರ್ಷಕ್ಕೆ 230 ಕೆಲಸದ ದಿನಗಳೆಂದರೆ 20,700 ಕಿಲೋಮೀಟರ್. ಕಚೇರಿಯ ಕೆಲಸಕ್ಕೆ ಕಾರು ಓಡಿಸಿದವರಿಗೆ ತೆರಿಗೆ ಇಲಾಖೆ 2024-25ಕ್ಕೆ ನಿಗದಿಪಡಿಸಿದ ದರ ಕಿಲೋಮೀಟರಿಗೆ 88 ಸೆಂಟ್. ಮನೆಯಿಂದ ಕೆಲಸಕ್ಕೆ ಹೋಗುವುದಕ್ಕೆ ಈ ವಿನಾಯಿತಿ ಸಿಗದು. ಆದರೆ ಪೆಟ್ರೋಲು, ವಿಮೆ, ಸವೆತ ಎಲ್ಲ ಸೇರಿದ ಖರ್ಚಿನ ಅಂದಾಜಿಗೆ ಒಳ್ಳೆಯ ಅಳತೆಗೋಲು. ವರ್ಷಕ್ಕೆ 18,200 ಡಾಲರ್, ತಿಂಗಳಿಗೆ 1,500ಕ್ಕೂ ಮಿಗಿಲು. ಟಾರ್ನೀಟಿನ ಮನೆಯ ನಿಜವಾದ ತಿಂಗಳ ಬೆಲೆ ಆಗ 4,870ರ ಹತ್ತಿರ ಬಂತು.

ನೋಬಲ್ ಪಾರ್ಕಿಗೆ ಹೋದರೆ ಅವಳಿಗೆ ಕ್ಲೇಟನ್ ರೈಲಿನಲ್ಲಿ ನಾಲ್ಕನೆಯ ನಿಲ್ದಾಣ. ಆಗ ದೂರ ಹೋಗಬೇಕಾದವನು ನಾನು. ವಾರಕ್ಕೆ ಎರಡು ದಿನ ಪಶ್ಚಿಮಕ್ಕೆ ಹೋಗಿ ಬಂದರೆ ತಿಂಗಳಿಗೆ ಸುಮಾರು 600 ಡಾಲರ್. ಕಂತಿನೊಡನೆ ಕೂಡಿಸಿದರೆ 4,780. ಅವಳ ರೈಲಿನ ಟಿಕೇಟನ್ನೂ ಸೇರಿಸಿದರೆ ಎರಡೂ ಮನೆಗಳ ತಿಂಗಳ ಖರ್ಚು ಹೆಚ್ಚುಕಡಿಮೆ ಸರಿಸಮ. 1.7 ಲಕ್ಷ ಡಾಲರಿನ ಅಂತರವೆಂದು ನಾವು ಹೆದರಿದ್ದು ತಿಂಗಳ ಲೆಕ್ಕದಲ್ಲಿ ಕರಗಿಹೋಗಿತ್ತು. ಮೊದಲಿಗೆ ಕೈಯಿಂದ ಹಾಕಬೇಕಾದ ಮುಂಗಡ ಮತ್ತು ಶುಲ್ಕ ಮಾತ್ರ ಹೆಚ್ಚು. ಇನ್ನು ಸಮಯ: ಹೋಗಲು ಬರಲು ಎರಡೂವರೆ ಗಂಟೆಯಂತೆ ಅವಳು ವರ್ಷಕ್ಕೆ 575 ಗಂಟೆಗಳನ್ನು ರಸ್ತೆಯಲ್ಲಿ ಕಳೆಯುತ್ತಿದ್ದಳು. ಹಗಲು ರಾತ್ರಿ ಸೇರಿ 24 ದಿನ. ‘ರೀ, ಮೈಸೂರಿಗೆ ಹೋಗೋಕೆ ನನಗೆ ಸಿಗೋ ರಜೆಗಿಂತ ಇದೇ ಜಾಸ್ತಿ’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸಾಲದ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಶೇಕಡ 20ಕ್ಕಿಂತ ಕಡಿಮೆ ಮುಂಗಡವಿದ್ದರೆ ಬ್ಯಾಂಕಿನ ರಕ್ಷಣೆಗಾಗಿ ನಾವು ವಿಮೆಯ ಹಣ ಕಟ್ಟಬೇಕು. ವೈದ್ಯರಿಗೆ ಹಲವು ಬ್ಯಾಂಕುಗಳು ಅದನ್ನು ಮನ್ನಾ ಮಾಡುತ್ತವೆ. ಹಾಗಾಗಿ ಗ್ಲೆನ್ ವೇವರ್ಲಿಯ ಮನೆಗೂ ಸಾಲ ಕೊಡಲು ಸಿದ್ಧರಿದ್ದವರು ಇದ್ದರು. ಬ್ಯಾಂಕುಗಳು ಈಗಿನ ಬಡ್ಡಿಗೆ ಶೇಕಡ 3 ಸೇರಿಸಿ ನಮ್ಮ ಶಕ್ತಿಯನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ನಾವೂ ಅದನ್ನೇ ಮಾಡಿದೆವು: ಶೇಕಡ 9ಕ್ಕೆ ಆ ಮನೆಯ ಕಂತು ತಿಂಗಳಿಗೆ 10,300 ಡಾಲರ್. ರಿಸರ್ವ್ ಬ್ಯಾಂಕಿನ ಬಡ್ಡಿದರ 2020ರ ನವೆಂಬರಿನಲ್ಲಿ ಶೇಕಡ 0.10 ಇದ್ದದ್ದು 2022ರ ಮೇ ತಿಂಗಳಿನಿಂದ ಏರುತ್ತಾ 2023ರ ನವೆಂಬರಿಗೆ 4.35 ಆಯಿತು. ಆ ಹದಿನೆಂಟು ತಿಂಗಳಲ್ಲಿ ನನ್ನ ಚಿಕಿತ್ಸಾಲಯಕ್ಕೆ ನಿದ್ದೆಯಿಲ್ಲವೆಂದು, ಎದೆಯುರಿಯೆಂದು, ತಲೆನೋವೆಂದು ಬಂದ ಎಷ್ಟೋ ಮಂದಿಯ ಮಾತು ಕೊನೆಗೆ ಮನೆಯ ಕಂತಿಗೆ ಬಂದು ನಿಲ್ಲುತ್ತಿತ್ತು. ಸಾಲ ಕೊಡುವವರಿದ್ದಾರೆ ಎಂದ ಮಾತ್ರಕ್ಕೆ ಅದನ್ನು ಹೊರುವ ಬೆನ್ನು ನಮಗಿದೆ ಎಂದಲ್ಲ.

ಶಾಲೆಯ ಗಡಿ

ಗ್ಲೆನ್ ವೇವರ್ಲಿಯ ಬೆಲೆಯ ಹಿಂದೆ ಇರುವುದು ಅಲ್ಲಿಯ ಸರ್ಕಾರಿ ಪ್ರೌಢಶಾಲೆಯ ಹೆಸರು. ಇಲ್ಲಿ ಸರ್ಕಾರಿ ಶಾಲೆಗಳಿಗೆ ಗಡಿಗಳಿವೆ. ಗಡಿಯೊಳಗೆ ಖಾಯಂ ವಾಸವಿರುವ ಮಗುವಿಗೆ ಪ್ರವೇಶದ ಹಕ್ಕಿದೆ. ಒಂದೇ ಬೀದಿಯ ಈ ಬದಿಗೂ ಆ ಬದಿಗೂ ಬೆಲೆ ಬೇರೆ! ಸ್ನೇಹಿತರು ಬಹಳ ಮಂದಿ ‘ಮಗಳ ಭವಿಷ್ಯಕ್ಕಿಂತ ಹೆಚ್ಚೇನು?’ ಎಂದರು. ಆ ಮಾತಿನ ತೂಕ ನಮಗೂ ತಿಳಿಯದ್ದಲ್ಲ. ನಾವಿಬ್ಬರೂ ಕಲಿತದ್ದು ಸರ್ಕಾರಿ ಶಾಲೆಯಲ್ಲಿ, ಮೇಲೆ ಬಂದದ್ದು ಓದಿನಿಂದ.

ಆದರೆ ಎರಡು ಸಂಗತಿಗಳನ್ನು ಗಮನಿಸಿದೆವು. ಒಂದು, ಗಡಿಗಳು ಶಾಶ್ವತವಲ್ಲ. ಶಿಕ್ಷಣ ಇಲಾಖೆ ಅವನ್ನು ಬದಲಿಸಬಹುದು. ಎರಡು, ಪರೀಕ್ಷೆಯ ಮೂಲಕ ಒಂಬತ್ತನೆಯ ತರಗತಿಗೆ ಸೇರಿಸಿಕೊಳ್ಳುವ ನಾಲ್ಕು ಸರ್ಕಾರಿ ಶಾಲೆಗಳಿವೆ: ಮೆಲ್ಬರ್ನ್ ಹೈ, ಮ್ಯಾಕ್‌ರಾಬರ್ಟ್‌ಸನ್, ಬೆರಿಕ್‌ನ ನೊಸಲ್ ಹೈ, ವೆರಿಬಿಯ ಸುಝಾನ್ ಕೋರಿ ಹೈ. ಇವುಗಳಿಗೆ ಮನೆಯ ಗಡಿ ಅಡ್ಡಬರುವುದಿಲ್ಲ. ನೋಬಲ್ ಪಾರ್ಕಿನಿಂದ ಬೆರಿಕ್‌ಗೆ ಅದೇ ರೈಲು ಮಾರ್ಗ. ಹಾಗೆಂದು ಮಗಳ ಮೇಲೆ ಪರೀಕ್ಷೆಯ ಹೊರೆ ಹೊರಿಸಲು ನಮಗೆ ಮನಸ್ಸಿರಲಿಲ್ಲ. ಹತ್ತಿರದ ಶಾಲೆಗಳಿಗೆ ಹೋಗಿ, ಮುಖ್ಯೋಪಾಧ್ಯಾಯರನ್ನು ಕಂಡು, ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಹೇಗಿರುತ್ತಾರೆಂದು ನೋಡಿಬಂದೆವು. ತಿಂಗಳಿಗೆ ಮೂರೂವರೆ ಸಾವಿರ ಡಾಲರ್ ಹೆಚ್ಚು ಕೊಟ್ಟು ತಾಯಿತಂದೆ ಇಬ್ಬರೂ ಆರು ದಿನ ದುಡಿಯುವ ಮನೆಗಿಂತ, ಸಂಜೆ ಆರಕ್ಕೆ ಒಬ್ಬರಾದರೂ ಜೊತೆಯಲ್ಲಿ ಕುಳಿತು ಓದಿಸುವ ಮನೆ ಅವಳಿಗೆ ಹೆಚ್ಚು ಉಪಕಾರಿ ಎಂಬುದು ನಮ್ಮ ತೀರ್ಮಾನವಾಯಿತು. ಬೇರೆಯವರ ಮಕ್ಕಳಿಗೆ ಬೇರೆಯ ತೀರ್ಮಾನ ಸರಿಯಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ.

ಅಮ್ಮನ ಅಳತೆಗೋಲು

ಇಷ್ಟೆಲ್ಲ ಲೆಕ್ಕದ ನಡುವೆ ಅಮ್ಮ ಆರು ತಿಂಗಳಿಗೆಂದು ಬಂದರು. ಬಂದ ಎರಡನೆಯ ವಾರದಲ್ಲಿಯೇ ಕೇಳಿದರು: ‘ಇಲ್ಲಿ ಅರ್ಧ ಲೀಟರ್ ಹಾಲು ತರೋಕೂ ಕಾರೇ ಬೇಕೇನೋ ಮಗಾ?’ ನಮ್ಮ ಬಾಡಿಗೆ ಮನೆಯಿಂದ ಅಂಗಡಿ ಅವರ ಮಂಡಿಗೆ ನಿಲುಕದಷ್ಟು ದೂರ. ಮೈಸೂರಿನಲ್ಲಿ ಬೆಳಿಗ್ಗೆ ಹೂವು, ಸಂಜೆ ದೇವಸ್ಥಾನ, ನಡುವೆ ತರಕಾರಿಯೆಂದು ದಿನಕ್ಕೆ ಮೂರು ಸಲ ಹೊರಗೆ ಕಾಲಿಡುತ್ತಿದ್ದವರು ಇಲ್ಲಿ ಕಿಟಕಿಯ ಬಳಿ ಕುಳಿತಿರುತ್ತಿದ್ದರು.

ನಾನು ಇದನ್ನು ಚಿಕಿತ್ಸಾಲಯದಲ್ಲಿ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಊರಿನಿಂದ ಬಂದ ತಂದೆತಾಯಂದಿರ ಸಕ್ಕರೆಯ ಮಟ್ಟ ಏರುವುದು, ಡಿ ಜೀವಸತ್ವ ಕುಸಿಯುವುದು, ಹಸಿವಿಲ್ಲ, ನಿದ್ದೆಯಿಲ್ಲ ಎನ್ನುವುದು. ಮಾತ್ರೆ ಬರೆಯಬಹುದು, ಆದರೆ ಅವರಿಗೆ ಬೇಕಾದದ್ದು ನಡೆಯಲು ಒಂದು ದಾರಿ, ಹೋಗಲು ಒಂದು ನೆಪ, ಎದುರಾಗಲು ಒಂದು ಮುಖ. ಮನೆ ತೋರಿಸುವ ಶನಿವಾರಗಳಿಗೆ ಆಮೇಲೆ ಅಮ್ಮನನ್ನೂ ಕರೆದೊಯ್ದೆವು. ಒಳಗಿನ ಕೋಣೆಗಳನ್ನು ಅವರು ಹೆಚ್ಚು ನೋಡುತ್ತಿರಲಿಲ್ಲ. ಗೇಟಿನಾಚೆ ಹೋಗಿ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸುತ್ತಿದ್ದರು.

ನೋಬಲ್ ಪಾರ್ಕಿನ ಮನೆಯಿಂದ ರೈಲು ನಿಲ್ದಾಣದ ಅಂಗಡಿಗಳಿಗೆ ಅವರು ತಮ್ಮ ನಡಿಗೆಯಲ್ಲಿ ಹನ್ನೆರಡು ನಿಮಿಷದಲ್ಲಿ ಹೋದರು. ಹಿಂದೆ ಅಲ್ಲಿ ರೈಲ್ವೆ ಗೇಟಿತ್ತು. 2018ರಲ್ಲಿ ಹಳಿಯನ್ನು ಕಂಬಗಳ ಮೇಲಕ್ಕೆ ಏರಿಸಿದ ಮೇಲೆ ಕೆಳಗೆ ನಡೆಯಲು ಜಾಗವಾಗಿದೆ. ಎರಡು ನಿಲ್ದಾಣದಾಚೆ ಡ್ಯಾಂಡಿನಾಂಗ್. ಅಲ್ಲಿಯ ಫಾಸ್ಟರ್ ಬೀದಿಯ ಲಿಟಲ್ ಇಂಡಿಯಾದಲ್ಲಿ ಸೋನಾ ಮಸೂರಿಯಿಂದ ಹಿಡಿದು ಅರಿಸಿನ ಕುಂಕುಮದವರೆಗೆ ಎಲ್ಲವೂ ಇದೆ. ಕ್ಯಾರಮ್ ಡೌನ್ಸಿನ ಶಿವ ವಿಷ್ಣು ದೇವಾಲಯವೂ ಪಶ್ಚಿಮದಿಂದ ಹೋಗುವುದಕ್ಕಿಂತ ಬಹಳ ಹತ್ತಿರ. ಹಿತ್ತಿಲಲ್ಲಿ ಹಳೆಯ ನಿಂಬೆಮರವೊಂದು ಹಣ್ಣು ಹೊತ್ತು ನಿಂತಿತ್ತು. ‘ಉಪ್ಪಿನಕಾಯಿಗೆ ಆಯ್ತು’ ಎಂದರು ಅಮ್ಮ. ‘ಅಲ್ಲೇನಿದೆ?’ ಎಂದು ಆ ಬಡಾವಣೆಯ ಹೆಸರು ಕೇಳಿ ಮುಖ ಸಿಂಡರಿಸಿದವರು ನಮ್ಮವರಲ್ಲಿಯೂ ಇದ್ದರು. ಒಂದು ಬಡಾವಣೆಯ ಹೆಸರು ಅದರ ಇಂದಿನ ಬದುಕಿಗಿಂತ ಇಪ್ಪತ್ತು ವರ್ಷ ಹಿಂದಿರುತ್ತದೆ. ಹಗಲು, ರಾತ್ರಿ, ಮಳೆ ಬಂದ ದಿನ, ವಾರದ ನಡುವಿನ ದಿನ, ಹೀಗೆ ನಾಲ್ಕು ಸಲ ಹೋಗಿ ನಮ್ಮ ಕಣ್ಣಿನಿಂದಲೇ ನೋಡಿಕೊಂಡೆವು.

ಕೊಂಡದ್ದು, ಬಿಟ್ಟದ್ದು

ಹರಾಜಿನಲ್ಲಿ ಕೊಂಡರೆ ಮನಸ್ಸು ಬದಲಿಸಲು ಅವಕಾಶವಿಲ್ಲ. ಖಾಸಗಿ ಮಾರಾಟದಲ್ಲಿ ಮೂರು ಕೆಲಸದ ದಿನಗಳ ಅವಧಿಯಿದೆ, ಹಿಂದೆ ಸರಿದರೆ 100 ಡಾಲರ್ ಅಥವಾ ಬೆಲೆಯ ಶೇಕಡ 0.2, ಯಾವುದು ಹೆಚ್ಚೋ ಅದನ್ನು ಕೊಟ್ಟರಾಯಿತು. ನಾವು ಖಾಸಗಿ ಮಾರಾಟದ ಮನೆಯನ್ನೇ ಆರಿಸಿ, ಕಟ್ಟಡ ಮತ್ತು ಗೆದ್ದಲಿನ ತಪಾಸಣೆಯ ಷರತ್ತಿನೊಡನೆ ಬೆಲೆ ಹೇಳಿದೆವು. ಮಾರುವವರು ಕೊಡಲೇಬೇಕಾದ ‘ಸೆಕ್ಷನ್ 32’ ಪತ್ರವನ್ನು ವಕೀಲರಿಗೆ ತೋರಿಸಿದೆವು. ಹಳೆಯ ವಿದ್ಯುತ್ ತಂತಿ, ಸೂರಿನಂಚಿನಲ್ಲಿ ಆಸ್ಬೆಸ್ಟಾಸ್ ಹಲಗೆ ಎಂದು ವರದಿ ಬಂತು. ಅದನ್ನು ಮುಂದಿಟ್ಟು ಮಾತಾಡಿ 8.7 ಲಕ್ಷಕ್ಕೆ ಒಪ್ಪಂದವಾಯಿತು.

ಆದರೆ ಪಶ್ಚಿಮವನ್ನು ಬಿಟ್ಟುಬರುವುದಕ್ಕೆ ನಮ್ಮ ಯಾವ ಲೆಕ್ಕದ ಹಾಳೆಯಲ್ಲಿಯೂ ಸಾಲು ಇರಲಿಲ್ಲ. ಹಾಪರ್ಸ್ ಕ್ರಾಸಿಂಗಿನ ನಮ್ಮ ಬೀದಿಯ ಆಚೀಚೆ ನಾಲ್ಕು ಕನ್ನಡದ ಮನೆಗಳಿದ್ದವು. ಸಂಕ್ರಾಂತಿಯಂದು ಮಗಳು ಎಳ್ಳು ಬೆಲ್ಲದ ತಟ್ಟೆ ಹಿಡಿದು ನಡೆದೇ ಹೋಗಿ ಬೀರಿ ಬರುತ್ತಿದ್ದಳು. ಮೈಸೂರಿನಿಂದ ತಂದೆಯವರ ಸುದ್ದಿ ಬಂದ ರಾತ್ರಿ, ನಾನು ವಿಮಾನದ ಟಿಕೇಟು ಹುಡುಕುತ್ತಿದ್ದಾಗ, ಪಕ್ಕದ ಮನೆಯವರು ಮಕ್ಕಳನ್ನು ಕರೆದೊಯ್ದು ಉಣ್ಣಿಸಿ ಮಲಗಿಸಿದ್ದರು. ಅಂಥ ಬೀದಿಗೆ ಮಧ್ಯಾಂಕ ಬೆಲೆ ಎಷ್ಟು? ಹತ್ತು ವರ್ಷ ನನ್ನ ಬಳಿ ಬಂದ ರೋಗಿಗಳೂ ಅಲ್ಲಿದ್ದಾರೆ. ಆ ಕಾರಣದಿಂದಲೇ ಮಂಗಳವಾರ, ಗುರುವಾರ ಇಂದಿಗೂ ನಾನು ಸೇತುವೆ ದಾಟಿ ಹೋಗುತ್ತೇನೆ. ಉಳಿದ ಮೂರು ದಿನ ಡ್ಯಾಂಡಿನಾಂಗಿನಲ್ಲಿ ಕೆಲಸ. ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಬರುವುದನ್ನೂ ನಿಲ್ಲಿಸಿಲ್ಲ. ಕಳೆದ ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚಲು ಕಾರಿನಲ್ಲಿ ಹೋದೆವು. ಮಗಳು ದಾರಿಯುದ್ದಕ್ಕೂ ಮೌನವಾಗಿದ್ದಳು.

ಮನೆ ಹುಡುಕುತ್ತಿರುವ ಮಿತ್ರರಿಗೆ ಕಡೆಯದಾಗಿ ಇಷ್ಟು. ಬಡಾವಣೆಯ ಮಧ್ಯಾಂಕವನ್ನು ಹತ್ತು ವರ್ಷದ ಸಾಲಿನಲ್ಲಿ ನೋಡಿ. ಕನಿಷ್ಠ ಇಪ್ಪತ್ತು ಮನೆಗಳ ಅಂದಾಜು ಮತ್ತು ನಿಜವಾದ ಬೆಲೆಯನ್ನು ಬರೆದಿಡಿ. ಕಂತಿನೊಡನೆ ಪ್ರಯಾಣವನ್ನೂ, ಹಣದೊಡನೆ ಗಂಟೆಗಳನ್ನೂ ಕೂಡಿಸಿ. ಬಡ್ಡಿ ಶೇಕಡ 3 ಏರಿದರೆ ನಿದ್ದೆ ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕಾರು ಓಡಿಸದವರು ಮನೆಯಲ್ಲಿದ್ದರೆ, ಮಗುವಾಗಲಿ ಮುದುಕರಾಗಲಿ, ಅವರನ್ನು ಕರೆದುಕೊಂಡು ಹೋಗಿ ಆ ಬೀದಿಯಲ್ಲಿ ನಡೆಸಿ ನೋಡಿ. ಮತ್ತು ಕಷ್ಟದ ರಾತ್ರಿಯಲ್ಲಿ ಬಾಗಿಲು ತಟ್ಟಬಲ್ಲ ಮನೆ ಎಷ್ಟು ದೂರದಲ್ಲಿದೆ ಎಂಬುದನ್ನೂ ಲೆಕ್ಕದಲ್ಲಿ ಒಂದು ಸಾಲಾಗಿ ಬರೆದುಕೊಳ್ಳಿ.

ಅಮ್ಮ ಈಗ ಮೈಸೂರಿನಲ್ಲಿದ್ದಾರೆ. ದಸರಾ ಮುಗಿಸಿಕೊಂಡು ಮತ್ತೆ ಬರುತ್ತಾರೆ. ನಿಂಬೆಕಾಯಿಯ ಉಪ್ಪಿನಕಾಯಿ ಎರಡು ಜಾಡಿ ಉಳಿದಿದೆ. ನಮ್ಮ ಲೆಕ್ಕದ ಹಾಳೆ ಬೇಕಾದವರು ಮುಂದಿನ ಕಾರ್ಯಕ್ರಮದಲ್ಲಿ ಆರೋಗ್ಯ ತಪಾಸಣೆಯ ಮೇಜಿನ ಬಳಿ ನನ್ನನ್ನು ಕೇಳಬಹುದು, ಸಂಕೋಚ ಬೇಡ. ಎಲ್ಲರಿಗೂ ಒಳ್ಳೆಯ ಮನೆ, ಒಳ್ಳೆಯ ನೆರೆಹೊರೆ ದೊರೆಯಲಿ ಎಂದು ಹಾರೈಸುತ್ತೇನೆ.